ಥಾಯ್ಲೆಂಡ್‌ನಲ್ಲಿ ನಿವೃತ್ತ ಜೀವನದ ಕನಸೇ? 8 ಲಕ್ಷ ಬಹ್ತ್ ಲೆಕ್ಕ, ಹಣ ಕಳುಹಿಸುವ ದಾರಿ, ತೆರಿಗೆ ಕುರಿತು ತಿಳಿದಿರಲಿ

ಮಕ್ಕಳು ಅಮೆರಿಕದಲ್ಲೋ ಸಿಂಗಾಪುರದಲ್ಲೋ ನೆಲೆಸಿದ್ದಾರೆ, ಕೈಯಲ್ಲಿ ಪಿಂಚಣಿ ಇದೆ, ಊರಿನ ಮನೆ ಬಾಡಿಗೆಗೆ ಹೋಗಿದೆ. ಮುಂಬೈ ಅಥವಾ ಚೆನ್ನೈನ ಗದ್ದಲ ಸಾಕು, ಚಿಯಾಂಗ್ ಮೈ ಅಥವಾ ಹುವಾ ಹಿನ್‌ನಂಥ ಊರಿನಲ್ಲಿ ಕೆಲವು ವರ್ಷ ನೆಮ್ಮದಿಯಾಗಿ ಇರೋಣ ಎಂದು ಯೋಚಿಸುವ ನಿವೃತ್ತರು ಈಗ ನಮ್ಮಲ್ಲೂ ಇದ್ದಾರೆ. 50 ವರ್ಷ ದಾಟಿದ ವಿದೇಶಿಯರಿಗೆ ಥಾಯ್ಲೆಂಡ್ ನಿವೃತ್ತಿ ವೀಸಾ ಕೊಡುತ್ತದೆ. ವೀಸಾ ಶುಲ್ಕ ದೊಡ್ಡದಲ್ಲ. ದೊಡ್ಡದಿರುವುದು ಅದಕ್ಕಾಗಿ ತೋರಿಸಬೇಕಾದ ಹಣ, ಅದನ್ನು ಕಳುಹಿಸುವ ಕ್ರಮ ಮತ್ತು ಎರಡೂ ದೇಶಗಳ ತೆರಿಗೆ. ಇಲ್ಲಿ ಲೆಕ್ಕ ತಪ್ಪಿದರೆ ಒಂದು ವರ್ಷದ ನಂತರ ಗಂಟುಮೂಟೆ ಕಟ್ಟಿ ವಾಪಸ್ ಬರಬೇಕಾಗುತ್ತದೆ.

ಯಾವ ವೀಸಾ ನಮಗೆ ಸಿಗುತ್ತದೆ?

ಭಾರತೀಯರಿಗೆ ಮುಖ್ಯವಾಗಿ ಮೂರು ದಾರಿಗಳಿವೆ.

* ನಾನ್-ಇಮಿಗ್ರಂಟ್ ಒ: ಮೊದಲು 90 ದಿನಗಳಿಗೆ ಸಿಗುತ್ತದೆ. ಆಮೇಲೆ ಥಾಯ್ಲೆಂಡ್‌ನ ಇಮಿಗ್ರೇಷನ್ ಕಚೇರಿಯಲ್ಲಿ ವರ್ಷ ವರ್ಷ ವಿಸ್ತರಿಸಿಕೊಳ್ಳಬೇಕು. ವಿಸ್ತರಣೆ ಶುಲ್ಕ 1,900 ಬಹ್ತ್.
* ಒ-ಎ: ಸ್ವದೇಶದಿಂದಲೇ ಅರ್ಜಿ ಹಾಕಿ ಪಡೆಯುವ ಒಂದು ವರ್ಷದ ವೀಸಾ. ಹಣವನ್ನು ಭಾರತದ ಬ್ಯಾಂಕಿನಲ್ಲೇ ತೋರಿಸಬಹುದು. ಆದರೆ ಆರೋಗ್ಯ ವಿಮೆ ಕಡ್ಡಾಯ. 2021ರಿಂದ ಅದರ ಮೊತ್ತ 30 ಲಕ್ಷ ಬಹ್ತ್ ಅಥವಾ 1 ಲಕ್ಷ ಡಾಲರ್.
* ಎಲ್‌ಟಿಆರ್: 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ 10 ವರ್ಷದ ವೀಸಾ. ವರ್ಷಕ್ಕೆ 80,000 ಡಾಲರ್ ಆದಾಯವಿರುವ ಶ್ರೀಮಂತ ಪಿಂಚಣಿದಾರರಿಗೆ. ಆದಾಯ 40,000 ಡಾಲರ್‌ಗಿಂತ ಹೆಚ್ಚಿದ್ದು 80,000 ಮುಟ್ಟದವರು ಥಾಯ್ಲೆಂಡ್‌ನಲ್ಲಿ 2.5 ಲಕ್ಷ ಡಾಲರ್ ಹೂಡಬೇಕು.

ಒ-ಎಕ್ಸ್ ಎಂಬ ಇನ್ನೊಂದು ದೀರ್ಘಾವಧಿ ವೀಸಾ ಇದೆಯಾದರೂ ಅದು ಕೆಲವು ದೇಶಗಳ ಪ್ರಜೆಗಳಿಗೆ ಮಾತ್ರ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಸಾಮಾನ್ಯ ಪಿಂಚಣಿದಾರರಿಗೆ ಹೊಂದುವುದು ಮೊದಲ ಎರಡು. ಒ-ಎ ಪಡೆದು ಹೋದವರೂ ಮುಂದೆ ಅಲ್ಲೇ ವಿಸ್ತರಿಸಿಕೊಳ್ಳುವಾಗ ಹಣವನ್ನು ಥಾಯ್ ಬ್ಯಾಂಕಿನಲ್ಲಿ ತೋರಿಸಬೇಕಾಗುತ್ತದೆ. ಗಂಡ ಹೆಂಡತಿಯರಲ್ಲಿ ಒಬ್ಬರು ನಿವೃತ್ತಿಯ ಆಧಾರದ ಮೇಲೆ ವಿಸ್ತರಣೆ ಪಡೆದರೆ ಇನ್ನೊಬ್ಬರು ಅವಲಂಬಿತರಾಗಿ ಇರಬಹುದು. ಇಬ್ಬರೂ ಬೇರೆ ಬೇರೆ ಠೇವಣಿ ಇಡಬೇಕಿಲ್ಲ.

8 ಲಕ್ಷವೋ, ತಿಂಗಳಿಗೆ 65,000ವೋ?

ಹಣ ತೋರಿಸಲು ಇರುವ ಆಯ್ಕೆಗಳು: ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಠೇವಣಿ, ಅಥವಾ ತಿಂಗಳಿಗೆ 65,000 ಬಹ್ತ್ ಆದಾಯ, ಅಥವಾ ಎರಡೂ ಸೇರಿ ವರ್ಷಕ್ಕೆ 8 ಲಕ್ಷ ಬಹ್ತ್. ಒಂದು ಬಹ್ತ್‌ಗೆ 2.75 ರೂ. ಎಂದು ಹಿಡಿದರೆ 8 ಲಕ್ಷ ಬಹ್ತ್ ಎಂದರೆ 22 ಲಕ್ಷ ರೂ. 65,000 ಬಹ್ತ್ ಎಂದರೆ ತಿಂಗಳಿಗೆ 1,78,750 ರೂ.

ಆದಾಯದ ದಾರಿ ಹಿಡಿಯುವವರಿಗೆ ಎರಡು ತೊಡಕುಗಳಿವೆ. ಮೊದಲನೆಯದು ವಿನಿಮಯ ದರ. ಪಿಂಚಣಿ ರೂಪಾಯಿಯಲ್ಲಿ ಬರುತ್ತದೆ, ನಿಯಮ ಬಹ್ತ್‌ನಲ್ಲಿದೆ. ಬಹ್ತ್ 2.25 ರೂ. ಇದ್ದಾಗ 1,46,250 ರೂ. ಕಳುಹಿಸಿದರೆ ಸಾಕಾಗುತ್ತಿತ್ತು, 2.75 ಆದರೆ ಅದೇ ಷರತ್ತಿಗೆ ತಿಂಗಳಿಗೆ 32,500 ರೂ. ಹೆಚ್ಚು ಬೇಕು. ಎರಡನೆಯದು ಪುರಾವೆ. ಪ್ರತಿ ತಿಂಗಳೂ ವಿದೇಶದಿಂದಲೇ ಹಣ ಬಂದಿದೆ ಎಂದು 12 ತಿಂಗಳ ದಾಖಲೆ ಕೇಳುತ್ತಾರೆ. ಕೆಲವು ಹಣ ವರ್ಗಾವಣೆ ಕಂಪನಿಗಳು ಥಾಯ್ಲೆಂಡ್‌ನಲ್ಲಿರುವ ತಮ್ಮ ಖಾತೆಯಿಂದಲೇ ನಿಮ್ಮ ಖಾತೆಗೆ ಹಣ ಹಾಕುತ್ತವೆ. ಆಗ ಪಾಸ್‌ಬುಕ್‌ನಲ್ಲಿ ಅದು ಸ್ಥಳೀಯ ವರ್ಗಾವಣೆ ಎಂದು ದಾಖಲಾಗಿ, ಅಧಿಕಾರಿ ಒಪ್ಪದೇ ಹೋಗಬಹುದು. ಹೀಗಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಿಫ್ಟ್ ಮೂಲಕ ಕಳುಹಿಸಿ, ವಿದೇಶಿ ವರ್ಗಾವಣೆ ಎಂಬ ಗುರುತು ಪಾಸ್‌ಬುಕ್‌ನಲ್ಲಿ ಬಂದಿದೆಯೇ ಎಂದು ಮೊದಲ ತಿಂಗಳೇ ನೋಡಿಕೊಳ್ಳುವುದು ಒಳ್ಳೆಯದು.

ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ

ಠೇವಣಿ ಇಡುವವರು ಹೆಚ್ಚಾಗಿ ಎಡವುವುದು ಮೊತ್ತದಲ್ಲಲ್ಲ, ದಿನಾಂಕದಲ್ಲಿ. 2019ರಲ್ಲಿ ಬಿಗಿಯಾದ ನಿಯಮ ಹೀಗಿದೆ:

* ವಿಸ್ತರಣೆಗೆ ಅರ್ಜಿ ಹಾಕುವ 2 ತಿಂಗಳು ಮೊದಲೇ 8 ಲಕ್ಷ ಬಹ್ತ್ ಖಾತೆಯಲ್ಲಿರಬೇಕು.
* ವಿಸ್ತರಣೆ ಸಿಕ್ಕ ನಂತರವೂ 3 ತಿಂಗಳು ಆ ಮೊತ್ತ ಹಾಗೆಯೇ ಇರಬೇಕು.
* ಉಳಿದ ಅವಧಿಯಲ್ಲಿ ಖಾತೆಯ ಬಾಕಿ 4 ಲಕ್ಷ ಬಹ್ತ್‌ಗಿಂತ ಕೆಳಗೆ ಇಳಿಯುವಂತಿಲ್ಲ.

ಅಂದರೆ ನೀವು ಮುಟ್ಟಬಹುದಾದದ್ದು ಅರ್ಧ ಹಣ, ಅದೂ ಸುಮಾರು 7 ತಿಂಗಳು ಮಾತ್ರ. ಅಷ್ಟರೊಳಗೆ ಮತ್ತೆ ತುಂಬಬೇಕು. ಹಾಗಾಗಿ ಈ 22 ಲಕ್ಷ ರೂಪಾಯಿಯನ್ನು ಖರ್ಚಿನ ಹಣ ಎಂದು ಎಣಿಸಲೇಬೇಡಿ. ವೀಸಾಗೆ ಒಂದು ಖಾತೆ, ಮನೆ ಖರ್ಚಿಗೆ ಇನ್ನೊಂದು ಖಾತೆ ಇಟ್ಟುಕೊಳ್ಳಿ. ವೀಸಾ ಖಾತೆಗೆ ಎಟಿಎಂ ಕಾರ್ಡ್ ಬೇಡ. ಕಾರ್ಡಿನ ವಾರ್ಷಿಕ ಶುಲ್ಕ ಕಡಿತವಾಗಿ ಬಾಕಿ 7,99,800ಕ್ಕೆ ಇಳಿದರೂ ಅಧಿಕಾರಿಗೆ ಅದು ನಿಯಮ ಉಲ್ಲಂಘನೆಯೇ. ಹತ್ತಿಪ್ಪತ್ತು ಸಾವಿರ ಬಹ್ತ್ ಹೆಚ್ಚಿಗೆ ಇಟ್ಟರೆ ನಿಶ್ಚಿಂತೆ.

ಥಾಯ್ಲೆಂಡ್‌ನಲ್ಲಿ ಪ್ರತಿ ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರ 10 ಲಕ್ಷ ಬಹ್ತ್‌ವರೆಗೆ ವಿಮಾ ರಕ್ಷಣೆ ಇದೆ. ಆದ್ದರಿಂದ ಬ್ಯಾಂಕ್ ಮುಳುಗಿದರೂ 8 ಲಕ್ಷಕ್ಕೆ ಭಯವಿಲ್ಲ. ನಿಜವಾದ ಆತಂಕ ಬೇರೆ: ಈ ಖಾತೆ ಅರ್ಜಿದಾರರೊಬ್ಬರ ಹೆಸರಲ್ಲೇ ಇರುತ್ತದೆ. ಅವರು ತೀರಿಕೊಂಡರೆ ಬ್ಯಾಂಕ್ ಹಣ ತಡೆಹಿಡಿಯುತ್ತದೆ. ಥಾಯ್ ನ್ಯಾಯಾಲಯ ಆಸ್ತಿ ನಿರ್ವಾಹಕರನ್ನು ನೇಮಿಸುವವರೆಗೆ ಪತ್ನಿಗೂ ಆ ಹಣ ಸಿಗುವುದಿಲ್ಲ. ಅದೇ ಹೊತ್ತಿಗೆ ಅವಲಂಬಿತ ವೀಸಾದ ಆಧಾರವೂ ಹೋಗಿರುತ್ತದೆ. ಅಲ್ಲಿಯ ಆಸ್ತಿಗೆ ಅಲ್ಲೇ ಒಂದು ಉಯಿಲು ಬರೆದಿಡಿ. ಪತ್ನಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದು ಆರು ತಿಂಗಳ ಖರ್ಚಿನಷ್ಟಾದರೂ ಇಡಿ.

ಭಾರತದಿಂದ ಹಣ ಕಳುಹಿಸುವುದು ಹೇಗೆ?

ಭಾರತದ ನಿವಾಸಿಯಾಗಿರುವವರೆಗೆ ಆರ್‌ಬಿಐನ ಎಲ್‌ಆರ್‌ಎಸ್ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಮಿತಿ ಸಮಸ್ಯೆಯಲ್ಲ, ಟಿಸಿಎಸ್ ಸಮಸ್ಯೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂ. ದಾಟಿದ ಮೊತ್ತದ ಮೇಲೆ, ಶಿಕ್ಷಣ, ಚಿಕಿತ್ಸೆಯಂಥ ಉದ್ದೇಶಗಳನ್ನು ಬಿಟ್ಟು, ಶೇ. 20ರಷ್ಟು ಬ್ಯಾಂಕ್ ಹಿಡಿದುಕೊಳ್ಳುತ್ತದೆ.

ಉದಾಹರಣೆಗೆ, 22 ಲಕ್ಷ ರೂ. ಒಂದೇ ಸಲ ಕಳುಹಿಸಿದರೆ 12 ಲಕ್ಷದ ಮೇಲೆ 2.4 ಲಕ್ಷ ರೂ. ಟಿಸಿಎಸ್. ಅದೇ 11 ಲಕ್ಷವನ್ನು ಮಾರ್ಚ್ 31ರೊಳಗೆ, ಇನ್ನು 11 ಲಕ್ಷವನ್ನು ಏಪ್ರಿಲ್ 1ರ ನಂತರ ಕಳುಹಿಸಿದರೆ ಪ್ರತಿ ಸಲ 1 ಲಕ್ಷದ ಮೇಲೆ 20,000 ರೂ. ಮಾತ್ರ. ಟಿಸಿಎಸ್ ಕಳೆದುಹೋಗುವ ಹಣವಲ್ಲ. ರಿಟರ್ನ್ಸ್ ಸಲ್ಲಿಸಿದಾಗ ನಿಮ್ಮ ತೆರಿಗೆಗೆ ಹೊಂದಾಣಿಕೆಯಾಗುತ್ತದೆ, ಉಳಿದದ್ದು ಮರುಪಾವತಿಯಾಗುತ್ತದೆ. ಆದರೆ ಅಲ್ಲಿಯವರೆಗೆ ನಿವೃತ್ತರ 2 ಲಕ್ಷ ರೂ. ಸಿಕ್ಕಿಬೀಳುವುದು ಸಣ್ಣ ಮಾತಲ್ಲ.

ಶುಲ್ಕದ ಕಡೆಗೂ ಗಮನವಿರಲಿ. ಸಾಮಾನ್ಯವಾಗಿ ರೂಪಾಯಿ ಮೊದಲು ಡಾಲರ್ ಆಗಿ, ಆಮೇಲೆ ಥಾಯ್ಲೆಂಡ್‌ನಲ್ಲಿ ಬಹ್ತ್ ಆಗುತ್ತದೆ. ಎರಡು ಸಲ ವಿನಿಮಯ, ಎರಡು ಸಲ ಬ್ಯಾಂಕಿನ ಲಾಭಾಂಶ. ಸ್ವಿಫ್ಟ್ ಶುಲ್ಕ, ನಡುವಿನ ಬ್ಯಾಂಕಿನ ಕಡಿತ, ಜಿಎಸ್‌ಟಿ ಬೇರೆ. ಬ್ಯಾಂಕ್‌ಗಳನ್ನು ಹೋಲಿಸುವಾಗ ಶುಲ್ಕ ಎಷ್ಟು ಎಂದು ಕೇಳಬೇಡಿ, 'ಇಷ್ಟು ರೂಪಾಯಿ ಕೊಟ್ಟರೆ ಅಲ್ಲಿ ಎಷ್ಟು ಬಹ್ತ್ ತಲುಪುತ್ತದೆ' ಎಂದು ಕೇಳಿ.

ಹೋದ ಮೇಲೆ ಖಾತೆ ಬದಲಿಸಲೇಬೇಕು

ಕೆಲವು ವಾರ ಹೋಗಿಬರುವ ಪ್ರವಾಸಿಯ ಮಾತು ಬೇರೆ. ಅನಿರ್ದಿಷ್ಟ ಅವಧಿಗೆ ಹೊರಗೆ ನೆಲೆಸುವ ಉದ್ದೇಶದಿಂದ ಹೋದವರು ಫೆಮಾ ಕಾಯ್ದೆಯ ಪ್ರಕಾರ ಅನಿವಾಸಿಗಳು. ಅವರಿಗೆ ಎಲ್‌ಆರ್‌ಎಸ್ ಅನ್ವಯಿಸುವುದಿಲ್ಲ. ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಪಿಂಚಣಿ, ಬಾಡಿಗೆ, ಬಡ್ಡಿ ಅದರಲ್ಲೇ ಜಮೆಯಾಗುತ್ತದೆ. ತೆರಿಗೆ ಕಳೆದು ಈ ಆದಾಯವನ್ನು ಹೊರಗೆ ಕಳುಹಿಸಬಹುದು. ಹಳೆಯ ಉಳಿತಾಯ, ಆಸ್ತಿ ಮಾರಿದ ಹಣ ಮುಂತಾದವಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ ಇದೆ. ಇಲ್ಲಿ ಎಲ್‌ಆರ್‌ಎಸ್‌ನ ಟಿಸಿಎಸ್ ಇಲ್ಲ, ಬದಲಿಗೆ ಆದಾಯ ತೆರಿಗೆ ಇಲಾಖೆಗೆ ಘೋಷಣೆ, ಅಗತ್ಯವಿದ್ದಲ್ಲಿ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕು.

ಹಲವರು ಎಣಿಸದೇ ಬಿಡುವ ಖರ್ಚು ಇಲ್ಲಿದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎನ್ನುವುದು ರಿಬೇಟ್‌ನಿಂದಾಗಿ. ಆ ರಿಬೇಟ್ ನಿವಾಸಿಗಳಿಗೆ ಮಾತ್ರ. ವರ್ಷಕ್ಕೆ 10 ಲಕ್ಷ ರೂ. ಪಿಂಚಣಿ ಇರುವವರು ಪುಣೆಯಲ್ಲಿದ್ದರೆ ತೆರಿಗೆ ಶೂನ್ಯ. ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದರೆ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದೂ 33,800 ರೂ. ಕಟ್ಟಬೇಕು. ಎನ್‌ಆರ್‌ಒ ಬಡ್ಡಿಗೆ ಶೇ. 30ರ ದರದಲ್ಲಿ ಟಿಡಿಎಸ್, ಅದರ ಮೇಲೆ ಸೆಸ್. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅನಿವಾಸಿಗಳು ಹೊಸ ಖಾತೆ ತೆರೆಯುವಂತಿಲ್ಲ.

ಪಿಂಚಣಿ ನಿಲ್ಲದಿರಲು ಜೀವಿತ ಪ್ರಮಾಣಪತ್ರವನ್ನೂ ಮರೆಯಬೇಡಿ. ಸರ್ಕಾರಿ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಸಲ್ಲಿಸಬೇಕು. ಒಟಿಪಿಗಾಗಿ ಭಾರತದ ಮೊಬೈಲ್ ಸಂಖ್ಯೆಯನ್ನು ರೋಮಿಂಗ್‌ನೊಂದಿಗೆ ಚಾಲ್ತಿಯಲ್ಲಿಡಿ.

ಥಾಯ್ಲೆಂಡ್‌ನಲ್ಲೂ ತೆರಿಗೆ ಉಂಟೇ?

ಉಂಟು. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಥವಾ ಹೆಚ್ಚು ಅಲ್ಲಿದ್ದರೆ ನೀವು ಅಲ್ಲಿಯ ತೆರಿಗೆ ನಿವಾಸಿ. ಮೊದಲು ವಿದೇಶದ ಆದಾಯವನ್ನು ಒಂದು ವರ್ಷ ತಡೆದು ತಂದರೆ ತೆರಿಗೆ ಇರಲಿಲ್ಲ. 2024ರ ಜನವರಿ 1ರಿಂದ ಆ ದಾರಿ ಮುಚ್ಚಿದೆ. ತೆರಿಗೆ ನಿವಾಸಿಯಾಗಿದ್ದಾಗ ಗಳಿಸಿದ ವಿದೇಶಿ ಆದಾಯವನ್ನು ಯಾವ ವರ್ಷ ಒಳಗೆ ತಂದರೂ ಅದು ತೆರಿಗೆ ವ್ಯಾಪ್ತಿಗೆ ಬರುತ್ತದೆ. 2024ಕ್ಕೆ ಮೊದಲು ಗಳಿಸಿದ ಹಣಕ್ಕೆ ವಿನಾಯಿತಿ ಇದೆ.

ಹಾಗಾಗಿ ಹೊರಡುವ ಮೊದಲು ಎಲ್ಲ ಬ್ಯಾಂಕ್ ಖಾತೆ, ಠೇವಣಿಗಳ ಬಾಕಿ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. 'ಇದು ನಾನು ಭಾರತದಲ್ಲಿದ್ದಾಗಿನ ಉಳಿತಾಯ' ಎಂದು ಹೇಳಲು ಅದೇ ಆಧಾರ. ಹಳೆಯ ಉಳಿತಾಯ ಮತ್ತು ಹೊಸ ಪಿಂಚಣಿಯನ್ನು ಒಂದೇ ಖಾತೆಯಲ್ಲಿ ಬೆರೆಸಬೇಡಿ. ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದಂತೆ ಭಾರತ ಮತ್ತು ಥಾಯ್ಲೆಂಡ್ ನಡುವೆ ಒಪ್ಪಂದ ಇದೆ. ಸರ್ಕಾರಿ ಸೇವೆಯ ಪಿಂಚಣಿ ಮತ್ತು ಖಾಸಗಿ ಪಿಂಚಣಿಗೆ ನಿಯಮ ಬೇರೆ ಬೇರೆ. ಇಲ್ಲಿ ಮಾತ್ರ ತಜ್ಞರ ಸಲಹೆಗೆ ಹಣ ಕೊಡುವುದು ದಂಡವಲ್ಲ.

ಇವೂ ನೆನಪಿರಲಿ

* ಪ್ರತಿ 90 ದಿನಕ್ಕೊಮ್ಮೆ ವಿಳಾಸದ ವರದಿ ಕೊಡಬೇಕು.
* ಮದುವೆ, ಹಬ್ಬಕ್ಕೆ ಊರಿಗೆ ಬರುವ ಮೊದಲು ಮರುಪ್ರವೇಶ ಪರವಾನಗಿ ಪಡೆಯಿರಿ. ಒಂದು ಸಲಕ್ಕೆ 1,000 ಬಹ್ತ್, ಹಲವು ಸಲಕ್ಕೆ 3,800 ಬಹ್ತ್. ಅದಿಲ್ಲದೆ ವಿಮಾನ ಹತ್ತಿದರೆ ವಿಸ್ತರಣೆಯೇ ರದ್ದು.
* ಠೇವಣಿ ಇಲ್ಲದಿದ್ದರೂ ವೀಸಾ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರಿಂದ ದೂರವಿರಿ. ಸಿಕ್ಕಿಬಿದ್ದರೆ ಗಡಿಪಾರಾಗುವುದು ನೀವು, ಏಜೆಂಟ್ ಅಲ್ಲ.
* ಭಾರತದ ಬಹುತೇಕ ಆರೋಗ್ಯ ವಿಮೆಗಳು ಅಲ್ಲಿ ನಡೆಯುವುದಿಲ್ಲ. ವಯಸ್ಸು ಏರಿದಂತೆ ಅಲ್ಲಿಯ ಪ್ರೀಮಿಯಂ ಏರುತ್ತದೆ. 60ರಲ್ಲಿ ಲೆಕ್ಕ ಹಾಕುವಾಗ 75ರ ಪ್ರೀಮಿಯಂ ವಿಚಾರಿಸಿ.

ಒಟ್ಟಾರೆ ಲೆಕ್ಕ ಹೀಗೆ: ವೀಸಾಗೆ ಮುಟ್ಟಲಾಗದ 22 ಲಕ್ಷ, ಒಂದು ವರ್ಷದ ಮನೆ ಖರ್ಚು, ವಿಮೆ, ಮತ್ತು ಯಾವಾಗ ಬೇಕಾದರೂ ವಾಪಸ್ ಬಂದು ನೆಲೆಸುವಷ್ಟು ಹಣ ಭಾರತದಲ್ಲಿ. ಈ ನಾಲ್ಕೂ ಇದ್ದರೆ ಹೊರಡಬಹುದು. ಮೂರೇ ಇದ್ದರೆ ಊರಿನ ಮನೆ ಮಾರುವ ಮುನ್ನ, ಒಂದೆರಡು ತಿಂಗಳು ಪ್ರವಾಸಿಯಾಗಿ ಹೋಗಿ ಇದ್ದು ನೋಡಿ. ನಿಯಮಗಳು ಬದಲಾಗುತ್ತಿರುತ್ತವೆ. ಹಣ ಕಳುಹಿಸುವ ಮೊದಲು ದೆಹಲಿಯ ಥಾಯ್ ರಾಯಭಾರ ಕಚೇರಿ ಅಥವಾ ಮುಂಬೈ, ಚೆನ್ನೈ, ಕೋಲ್ಕತಾ ಕಾನ್ಸುಲೇಟ್‌ಗಳಲ್ಲಿ ಇತ್ತೀಚಿನ ಷರತ್ತುಗಳನ್ನು ಒಮ್ಮೆ ಖಚಿತಪಡಿಸಿಕೊಳ್ಳಿ.