ಒಡೆಯಲೆಂದೇ ಮಾಡಿದ ಗುಂಡು

ಅಮೆರಿಕದ ವಯೋಮಿಂಗ್, ಮೊಂಟಾನಾ, ದಕ್ಷಿಣ ಡಕೋಟಾದ ಹುಲ್ಲುಗಾವಲುಗಳಲ್ಲಿ ಪ್ರೇರಿ ಡಾಗ್ ಎಂಬ ಪ್ರಾಣಿ ಬಿಲ ತೋಡಿಕೊಂಡು ಹಿಂಡುಹಿಂಡಾಗಿ ಬಾಳುತ್ತದೆ. ಹೆಸರಿನಲ್ಲಿ ನಾಯಿ ಇದ್ದರೂ ಇದು ಅಳಿಲಿನ ಬಳಗ, ತೂಕ ಒಂದು ಕಿಲೋ ಆಸುಪಾಸು. ದನದ ಮೇವು ತಿನ್ನುತ್ತದೆ, ನೆಲವೆಲ್ಲ ತೂತು ಮಾಡುತ್ತದೆ ಎಂದು ಅಲ್ಲಿನ ದನಗಾರರಿಗೆ ಇದರ ಮೇಲೆ ಹಳೆಯ ಸಿಟ್ಟು. ಇಂಥ ಪೀಡೆಪ್ರಾಣಿಗಳನ್ನು ದೂರದಿಂದ ಹೊಡೆಯಲೆಂದೇ ಬೆಳೆದುಬಂದದ್ದು ವಾರ್ಮಿಂಟ್ ರೈಫಲ್ ಮತ್ತು ಅದರ ಗುಂಡು.

ಗುಂಡಿನ ರಚನೆ ಸರಳ. ಒಳಗೆ ಸೀಸದ ತಿರುಳು, ಹೊರಗೆ ತಾಮ್ರದ ಮಿಶ್ರಲೋಹದ ತೆಳು ಜಾಕೆಟ್, ಮೂತಿಯಲ್ಲಿ ಪೊಳ್ಳು ಕುಳಿ ಅಥವಾ ಪ್ಲಾಸ್ಟಿಕ್ ಮೊನೆ. 1935ರಲ್ಲಿ ಬಂದ .220 ಸ್ವಿಫ್ಟ್ ತೋಟಾದ ಗುಂಡು ಸೆಕೆಂಡಿಗೆ 1,200 ಮೀಟರ್ ದಾಟಿತ್ತು. ನಾವು ಲೆಕ್ಕಕ್ಕೆ ಅದಕ್ಕಿಂತ ಸಾಧುವಾದ .223 ರೆಮಿಂಗ್ಟನ್ ತೆಗೆದುಕೊಳ್ಳೋಣ. 50 ಗ್ರೇನ್, ಅಂದರೆ 3.24 ಗ್ರಾಂ ತೂಕದ ಗುಂಡು. ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 1,000 ಮೀಟರ್ ವೇಗ. ಚಲನಶಕ್ತಿ ಸುಮಾರು 1,600 ಜೂಲ್.

ಇಲ್ಲಿಗೆ ಬಂದಾಗ ಕೇಳುವವರಲ್ಲಿ ಒಬ್ಬರಾದರೂ ತಲೆಯಾಡಿಸಿ ಹೇಳುವ ಮಾತೊಂದಿದೆ: "ಗುಂಡು ತಿರುಗುತ್ತದಲ್ಲ, ಅದಕ್ಕೇ ಬೈರಿಗೆ ಹಾಗೆ ಕೊರೆದುಕೊಂಡು ಹೋಗುತ್ತದೆ." ಸಿನಿಮಾ ನೋಡಿ ಬಂದ ನಂಬಿಕೆ ಇದು, ಬೇರು ಬಲು ಆಳ. ಲೆಕ್ಕ ಹಾಕಿ ನೋಡಿ. ಈ ರೈಫಲ್‌ನ ನಳಿಗೆಯೊಳಗಿನ ಸುರುಳಿ ಗೀರುಗಳು 12 ಅಂಗುಲಕ್ಕೆ ಒಂದು ಸುತ್ತು ಹಾಕಿವೆ ಎನ್ನಿ. ಹಾಗಾದರೆ ಗುಂಡು 30 ಸೆಂಟಿಮೀಟರ್ ಮುಂದಕ್ಕೆ ಹೋದಾಗ ಒಂದು ಸುತ್ತು ತಿರುಗುತ್ತದೆ. ಪ್ರೇರಿ ಡಾಗ್‌ನ ಮೈಯ ಅಗಲ ಹತ್ತು ಸೆಂಟಿಮೀಟರ್ ಇದ್ದೀತು. ಅಷ್ಟು ದಾಟುವಷ್ಟರಲ್ಲಿ ಗುಂಡು ಒಂದು ಸುತ್ತಿನ ಮೂರನೇ ಒಂದು ಭಾಗ ತಿರುಗಿರುತ್ತದೆ. ಇಷ್ಟರಲ್ಲಿ ಯಾವ ಬೈರಿಗೆ ಏನು ಕೊರೆದೀತು?

ಶಕ್ತಿಯ ಲೆಕ್ಕವೂ ಅಷ್ಟೇ. ನಿಮಿಷಕ್ಕೆ ಸುಮಾರು ಎರಡು ಲಕ್ಷ ಸುತ್ತು ಎಂದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಗುಂಡಿನ ವ್ಯಾಸ 5.7 ಮಿಲಿಮೀಟರ್ ಮಾತ್ರ. ಆ ತಿರುಗುವಿಕೆಯಲ್ಲಿರುವ ಶಕ್ತಿ ಮೂರು ಜೂಲ್ ಮುಟ್ಟುವುದೂ ಕಷ್ಟ. 1,600ರ ಮುಂದೆ ಅದು ಲೆಕ್ಕಕ್ಕೇ ಬಾರದು.

ಗುಂಡನ್ನು ಒಡೆಯುವುದು ಎದುರೊತ್ತಡ. ಪ್ರಾಣಿಯ ಮೈ ಬಹುಪಾಲು ನೀರು. ಆ ವೇಗದಲ್ಲಿ ನೀರಿನಂಥ ವಸ್ತುವಿಗೆ ಬಡಿದಾಗ ಮೂತಿಯ ಮೇಲೆ ವಾಯುಮಂಡಲದ ಒತ್ತಡದ ಸುಮಾರು 5,000 ಪಟ್ಟು ಬೀಳುತ್ತದೆ. ಮೆದು ಸೀಸ ಅದಕ್ಕೆ ಕ್ಷಣವೂ ನಿಲ್ಲದು. ಮೂತಿ ಅರಳುತ್ತದೆ, ಜಾಕೆಟ್ ಹರಿಯುತ್ತದೆ. ತಿರುಗುವಿಕೆಗೆ ಕೆಲಸ ಬರುವುದು ಆಗ: ಬಿಗಿಹಿಡಿದಿದ್ದ ಜಾಕೆಟ್ ಹರಿದೊಡನೆ, ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸಿದಾಗ ಹನಿಗಳು ಚಿಮ್ಮುವಂತೆ ಚೂರುಗಳು ಹೊರಕ್ಕೆ ಸಿಡಿಯುತ್ತವೆ. ಗುಂಡಿನ ಅಂಚಿನಲ್ಲಿರುವ ಲೋಹವನ್ನು ಹೊರಕ್ಕೆಳೆಯುವ ಬಲ ಅದರ ಸ್ವಂತ ತೂಕದ ಲಕ್ಷ ಪಟ್ಟಿಗೂ ಮಿಕ್ಕದ್ದು. ಸುರುಳಿ ತೀರ ಬಿಗಿಯಾಗಿದ್ದರೆ ತೆಳು ಜಾಕೆಟ್‌ನ ಗುಂಡು ಗುರಿ ಮುಟ್ಟುವ ಮೊದಲೇ ಗಾಳಿಯಲ್ಲಿ ಪುಡಿಯಾಗಿ ಬೂದು ಗೆರೆ ಬಿಡುವುದುಂಟು.

ವೇಗ ಹೆಚ್ಚಿದಷ್ಟೂ ಆಳಕ್ಕೆ ಇಳಿಯುತ್ತದೆ ಎಂಬ ತಪ್ಪೆಣಿಕೆಯೂ ಇಲ್ಲೇ ಕಳಚುತ್ತದೆ. ಮೂತಿ ಅರಳಿ ಗುಂಡಿನ ವ್ಯಾಸ ಎರಡು ಪಟ್ಟಾದರೆ ಎದುರಿನ ಹರವು ನಾಲ್ಕು ಪಟ್ಟು, ತಡೆಯೂ ಅಷ್ಟೇ. ಚೂರಾದ ಮೇಲಂತೂ ಒಂದೊಂದು ಚೂರೂ ಹಗುರ, ಬೇಗ ನಿಲ್ಲುತ್ತದೆ. ಒಂದು ಕಿಲೋ ಪ್ರಾಣಿಯಲ್ಲಿ ಈ ಸ್ಫೋಟಕ್ಕೆ ಮೈಯೇ ಸಾಲದು, ಸಾವು ತಕ್ಷಣ. ಅದೇ ಗುಂಡು ಜಿಂಕೆಯ ಭುಜದ ಮೂಳೆಗೆ ಬಿದ್ದರೆ ಮೇಲುಮೇಲೆ ದೊಡ್ಡ ಗಾಯವಾಗಿ, ಪ್ರಾಣಿ ನರಳುತ್ತ ಓಡಬಹುದು.

ಸೈನಿಕರ ಪೂರ್ಣ ಜಾಕೆಟ್ ಗುಂಡು ಏಕಾಗದು? ಅಮೆರಿಕದ ಸೇನೆಯ ವೈದ್ಯ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಜೆಲಟಿನ್ ಗಟ್ಟಿಗಳಿಗೆ ಗುಂಡು ಹೊಡೆದು ಇದನ್ನು ತೋರಿಸಿದರು. ಎಂ-16 ರೈಫಲ್‌ನ ಗುಂಡು ಸುಮಾರು 12 ಸೆಂಟಿಮೀಟರ್ ನೇರವಾಗಿ ಸಾಗಿ, ಆಮೇಲೆ ಅಡ್ಡ ತಿರುಗಿ ಒಡೆಯುತ್ತದೆ. ಪ್ರೇರಿ ಡಾಗ್ ಅಷ್ಟು ದಪ್ಪವೇ ಇಲ್ಲ! ಗುಂಡು ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ಕಲ್ಲಿಗೆ ತಾಗಿ ಪುಟಿದರೆ ಆಚೆ ಹೊಲದವನಿಗೂ ಅಪಾಯ. ಕಲ್ಕತ್ತೆಯ ಬಳಿಯ ದಮ್‌ದಮ್‌ನಲ್ಲಿ ತಯಾರಾದ ಅರಳುವ ಗುಂಡಿನ ಕುಖ್ಯಾತಿಯ ನಂತರ, 1899ರ ಹೇಗ್ ಘೋಷಣೆ ಅಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಬೇಟೆಯಲ್ಲಿ ಮಾತ್ರ ಪ್ರಾಣಿ ನರಳಬಾರದೆಂದು ಅರಳುವ ಗುಂಡನ್ನೇ ಬಯಸುತ್ತಾರೆ. ವಿಚಿತ್ರ, ಆದರೆ ಎರಡೂ ದಯೆಯ ಹೆಸರಿನಲ್ಲೇ.

ದೂರವೂ ಆಟ ಕೆಡಿಸುತ್ತದೆ. ಸುಮಾರು 270 ಮೀಟರ್‌ನಲ್ಲಿ ವೇಗ ಸೆಕೆಂಡಿಗೆ 650 ಮೀಟರ್ ಆಸುಪಾಸಿಗೆ ಇಳಿದು, ಎದುರೊತ್ತಡ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಅಲ್ಲೂ ಒಡೆಯಬೇಕಾದರೆ ಜಾಕೆಟ್ ಇನ್ನೂ ತೆಳುವಾಗಬೇಕು. ಇನ್ನು ಮೊಲ, ಅಳಿಲುಗಳನ್ನು ಮಾಂಸಕ್ಕಾಗಿ ಹೊಡೆಯುವವರು ಈ ಗುಂಡಿನ ತಂಟೆಗೆ ಹೋಗುವುದಿಲ್ಲ, ಬೇಯಿಸಲು ಏನೂ ಉಳಿಯದು.

ಹೆಚ್ಚು ಯೋಚಿಸಬೇಕಾದದ್ದು ಸೀಸದ ಬಗ್ಗೆ. ಹೊಡೆದ ಪ್ರೇರಿ ಡಾಗ್‌ಗಳನ್ನು ಸಾಮಾನ್ಯವಾಗಿ ಹೊಲದಲ್ಲೇ ಬಿಡುತ್ತಾರೆ. ಎಕ್ಸ್‌ರೇ ತೆಗೆದರೆ ಕಳೇಬರದ ತುಂಬ ಸೀಸದ ನುಣ್ಣನೆಯ ಕಣಗಳು. ಹದ್ದು, ಗಿಡುಗಗಳು ಮಾಂಸದೊಂದಿಗೆ ಅವನ್ನೂ ನುಂಗುತ್ತವೆ. 1982ರಲ್ಲಿ ಬರೀ 22ಕ್ಕೆ ಇಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್ ಹದ್ದುಗಳಿಗೆ ಸೀಸ ಇಂದಿಗೂ ಶತ್ರು. ಅದಕ್ಕೇ ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ವನ್ಯಜೀವಿಗಳ ಮೇಲೆ ಸೀಸದ ಗುಂಡಿನ ಬಳಕೆಯನ್ನೇ ನಿಲ್ಲಿಸಿತು. ಅದುಮಿದ ತಾಮ್ರ-ತವರದ ಪುಡಿಯ ತಿರುಳಿರುವ ಗುಂಡುಗಳು ಈಗ ಸಿಗುತ್ತವೆ. ತೊಡಕೆಂದರೆ ತಾಮ್ರ ಸೀಸಕ್ಕಿಂತ ಹಗುರ: ಅದೇ ತೂಕ ಬೇಕೆಂದರೆ ಗುಂಡು ಉದ್ದವಾಗಬೇಕು, ಉದ್ದವಾದರೆ ಹಳೆಯ ನಳಿಗೆಯ ಸಡಿಲ ಸುರುಳಿ ಅದನ್ನು ನೆಟ್ಟಗೆ ಹಾರಿಸಲಾರದು. ಎಷ್ಟು ಉದ್ದಕ್ಕೆ ಎಷ್ಟು ಸುರುಳಿ ಎಂಬುದಕ್ಕೆ ಗ್ರೀನ್‌ಹಿಲ್ ಎಂಬ ಗಣಿತಜ್ಞ 1879ರಲ್ಲೇ ಸೂತ್ರ ಕೊಟ್ಟಿದ್ದಾನೆ. ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಸುರುಳಿಯ ಒಂದು ಸುತ್ತಿಗೆ ಎಷ್ಟು ದೂರ ಎಂಬುದು ಸಿಗುತ್ತದೆ, ಎಲ್ಲವೂ ಅಂಗುಲದಲ್ಲಿ. ಭೌತಶಾಸ್ತ್ರ ಓದುವ ಹುಡುಗ ಹುಡುಗಿಯರು ಕೋವಿ ಮುಟ್ಟದೆಯೇ ಕಾಗದ ಪೆನ್ಸಿಲ್ ಹಿಡಿದು ಈ ಲೆಕ್ಕ ಮಾಡಬೇಕೆಂಬುದು ನನ್ನ ಕೋರಿಕೆ. ಸೀಸದ ಜಾಗಕ್ಕೆ ತಾಮ್ರ ಹಾಕಿ, ಉದ್ದ ಎಷ್ಟು ಬೆಳೆಯುತ್ತದೆ, 12 ಅಂಗುಲದ ಸುರುಳಿ ಅದಕ್ಕೆ ಸಾಲುತ್ತದೆಯೇ ಎಂದು ನೋಡಿ.