ನಕ್ಕಿದ್ದು ನಾಲ್ಕೇ ಜನ

ನಮ್ಮ ಕ್ಲಾಸ್‌ನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ 64 ಜನ ಇದ್ದೆವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗೆಳೆಯನೊಬ್ಬ ಇಂಟರ್ನಲ್ಸ್ ಹಿಂದಿನ ರಾತ್ರಿ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಡೌಟ್ ಕೇಳಿದ. ವ್ಯಾಕರಣ ಸ್ವಲ್ಪ ತಪ್ಪಿತ್ತು. ಅದನ್ನೇ ಸ್ಟಿಕರ್ ಮಾಡಿ ಹಾಕಿದರು. ನಕ್ಕಿದ್ದು ನಾಲ್ಕೇ ಜನ. ‘ಎಲ್ಲರೂ ನಗ್ತಿದ್ದಾರೆ, ನಾನೊಬ್ಬ ಯಾಕೆ ಬಾಯಿ ಹಾಕಲಿ’ ಎಂದುಕೊಂಡು ನಾನು ಟೈಪ್ ಮಾಡಿದ್ದನ್ನು ಅಳಿಸಿದೆ. ಬೆಳಿಗ್ಗೆ ನೋಡಿದರೆ ಅವನು ಗ್ರೂಪ್ ಬಿಟ್ಟಿದ್ದ.

ಪತ್ರಿಕೋದ್ಯಮ ಓದುವ ಅಕ್ಕನ ಹತ್ತಿರ ಇದನ್ನು ಹೇಳಿದಾಗ, ‘ಇದಕ್ಕೆ ನಮ್ಮಲ್ಲಿ ಒಂದು ಹೆಸರೇ ಇದೆ ಕಣೋ’ ಎಂದು ಪುಸ್ತಕ ಕೊಟ್ಟಳು. ‘ಮೌನದ ಸುರುಳಿ’ ಎಂಬ ಈ ಸಿದ್ಧಾಂತವನ್ನು 1974ರಲ್ಲಿ ಮಂಡಿಸಿದವರು ಜರ್ಮನಿಯ ಎಲಿಜಬೆತ್ ನೋಯೆಲ್-ನಾಯ್ಮನ್. 1965ರ ಪಶ್ಚಿಮ ಜರ್ಮನಿಯ ಚುನಾವಣೆಗೆ ಮೊದಲು ಅವರ ಸಮೀಕ್ಷೆಗಳಲ್ಲಿ ಎರಡು ದೊಡ್ಡ ಪಕ್ಷಗಳಿಗೆ ತಿಂಗಳುಗಟ್ಟಲೆ ಸಮಬಲವಿತ್ತು. ಆದರೆ ‘ಯಾರು ಗೆಲ್ಲಬಹುದು’ ಎಂದು ಕೇಳಿದರೆ ಒಂದೇ ಪಕ್ಷದ ಹೆಸರು ಹೇಳುವವರು ಹೆಚ್ಚುತ್ತಾ ಹೋದರು. ಕೊನೆಗೆ ಗೆದ್ದದ್ದೂ ಅದೇ ಪಕ್ಷ. ಒಂಟಿಯಾಗುವ ಭಯದಿಂದ ನಾವು ಸುತ್ತಲಿನವರ ಅಭಿಪ್ರಾಯವನ್ನು ಸದಾ ಅಂದಾಜು ಮಾಡುತ್ತೇವೆ, ನಮ್ಮದು ಕಡಿಮೆ ಜನರ ಮಾತು ಅನ್ನಿಸಿದರೆ ಸುಮ್ಮನಾಗುತ್ತೇವೆ, ಆಗ ಆ ಮಾತು ಇನ್ನೂ ಕಡಿಮೆ ಕೇಳಿಸುತ್ತದೆ ಎಂಬುದು ಅವರ ವಾದ. ಇದನ್ನು ಅಳೆಯಲು ಅವರು ಬಳಸಿದ ಪ್ರಶ್ನೆ ನನಗೆ ತುಂಬಾ ಹಿಡಿಸಿತು: ಐದು ಗಂಟೆಯ ರೈಲು ಪ್ರಯಾಣ, ಎದುರು ಕೂತವನ ಅಭಿಪ್ರಾಯ ಬೇರೆ, ನೀವು ಮಾತಿಗಿಳಿಯುತ್ತೀರಾ?

ಮೊಬೈಲ್ ಬಂದ ಮೇಲೆ ಎಲ್ಲರಿಗೂ ಬಾಯಿ ಬಂತು ಎನ್ನುತ್ತಾರೆ. ನನಗೇನೋ ಹಾಗನ್ನಿಸುವುದಿಲ್ಲ. ಸ್ನೋಡೆನ್ ಬಯಲಿಗೆಳೆದ ಸರ್ಕಾರಿ ಕಣ್ಗಾವಲಿನ ಬಗ್ಗೆ ಅಮೆರಿಕದ ಪ್ಯೂ ಸಂಸ್ಥೆ ಒಂದು ಸಮೀಕ್ಷೆ ನಡೆಸಿ 2014ರಲ್ಲಿ ಪ್ರಕಟಿಸಿತು. ಮುಖಾಮುಖಿ ಮಾತಾಡಲು ಸಿದ್ಧರಿದ್ದವರು ಶೇ 86. ಫೇಸ್‌ಬುಕ್, ಟ್ವಿಟರ್ ಬಳಸುವವರಲ್ಲಿ ಅಲ್ಲಿ ಬರೆಯಲು ಸಿದ್ಧರಿದ್ದವರು ಶೇ 42 ಮಾತ್ರ.

ಆಮೇಲೆ ಕ್ಯಾಂಟೀನಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. ಒಂಬತ್ತು ಜನರಲ್ಲಿ ಎಂಟು ಮಂದಿ ‘ನಂಗೂ ಬೇಜಾರಾಯ್ತು ಮಗಾ’ ಎಂದರು. ಒಬ್ಬಳು ನನ್ನ ಹಾಗೆಯೇ ಬರೆದು ಅಳಿಸಿದ್ದಳಂತೆ. ನಾವಿಬ್ಬರೂ ಕಳಿಸಿದ್ದರೆ ಮೂರನೆಯವರು ಬರುತ್ತಿದ್ದರೋ ಏನೋ.

ಕಳೆದ ವಾರ ಲೈಬ್ರರಿಯಲ್ಲಿ ಅವನ ಪಕ್ಕ ಕೂತು ಆ ಲೆಕ್ಕ ಬಿಡಿಸಿ ತೋರಿಸಿದೆ. ನೋಟ್‌ಬುಕ್ ಮುಚ್ಚುತ್ತಾ ಕೇಳಿದ: ‘ಇದು ಅವತ್ತೇ ಗೊತ್ತಿತ್ತಾ ನಿಂಗೆ?’

ಗೊತ್ತಿತ್ತು ಎಂದೆ.