ಮೊದಲ ಪ್ರಬಂಧದ ಕಚ್ಚಾ ವಹಿ

ವಿಜಯಪುರದ ರೈಲು ನಿಲ್ದಾಣದಿಂದ ಗೋಳಗುಮ್ಮಟದ ಮುಂದೆ ಹಾದು ಊರೊಳಗೆ ಬರುವ ಸ್ಟೇಷನ್ ರಸ್ತೆಯಲ್ಲಿ, ಕಾಲೇಜುಗಳು ಆರಂಭವಾಗುವ ದಿನಗಳಲ್ಲಿ ಹೊಸ ಮುಖಗಳು ಕಾಣಿಸುತ್ತವೆ. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಂದ ಬಂದವರು ಇವರು. ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ಇವರಲ್ಲಿ ಎಷ್ಟೋ ಮಂದಿ. ಅಂಥ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಮೊದಲ ವರ್ಷದ ಕನ್ನಡ ತರಗತಿಯಲ್ಲಿ ಆಕೆಗೆ ಒಂದು ಕೆಲಸ ಕೊಡಲಾಗಿದೆ: 'ನಮ್ಮೂರು' ಎಂಬ ವಿಷಯದ ಮೇಲೆ ಎರಡು ಪುಟದ ಪ್ರಬಂಧ; ಗೈಡು ನೋಡಬಾರದು, ಸ್ವಂತ ಮಾತಿನಲ್ಲಿ ಬರೆಯಬೇಕು.

ಹತ್ತನೆಯ ತರಗತಿಯಲ್ಲಿಯೂ ಪಿಯುಸಿಯಲ್ಲಿಯೂ ಒಳ್ಳೆಯ ಅಂಕ ಪಡೆದ ಹುಡುಗಿ. ಆದರೆ ರಾತ್ರಿ ಎರಡು ತಾಸು ಕುಳಿತರೂ ಪುಟ ತುಂಬಲಿಲ್ಲ. "ಭಾರತ ಹಳ್ಳಿಗಳ ದೇಶ" ಎಂದು ಬರೆದಳು, ಹೊಡೆದು ಹಾಕಿದಳು. ಎರಡನೆಯ ಸಾಲಿನಲ್ಲಿ ಅಲ್ಪಪ್ರಾಣವೋ ಮಹಾಪ್ರಾಣವೋ ಎಂಬ ಅನುಮಾನ ಬಂತು, ಹಾಳೆ ಹರಿದಳು. ಮರುದಿನ ಅಧ್ಯಾಪಕರ ಮುಂದೆ ನಿಂತು, "ಬರೆಯಾಕ ಏನೈತ್ರಿ ಸರ, ನಮ್ಮೂರಾಗ?" ಎಂದಳು.

ಇಂಥ ಸಂದರ್ಭದಲ್ಲಿ ನಾವು ಹೇಳುವ ಮಾತು ಸಿದ್ಧವಾಗಿಯೇ ಇರುತ್ತದೆ: ಈಗಿನ ಮಕ್ಕಳಿಗೆ ಭಾಷೆ ಬರುವುದಿಲ್ಲ, ಓದಿನ ಅಭ್ಯಾಸವಿಲ್ಲ. ಆದರೆ ಬರವಣಿಗೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರು ಬೇರೆಯದೇ ಕಾರಣ ಹೇಳುತ್ತಾರೆ.

ಕಾಲೇಜಿನ ಮೊದಲ ವರ್ಷದಲ್ಲಿಯೇ ಪ್ರಬಂಧ ರಚನೆ ಕಲಿಸುವ ಪದ್ಧತಿಗೆ ಅಮೆರಿಕದಲ್ಲಿ ಗಟ್ಟಿ ರೂಪ ಬಂದದ್ದು ಹಾರ್ವರ್ಡ್ ವಿಶ್ವವಿದ್ಯಾಲಯ 1885ರಲ್ಲಿ ಅದನ್ನು ಮೊದಲ ವರ್ಷಕ್ಕೆ ತಂದ ಮೇಲೆ. ಬಹುಕಾಲ ಅಲ್ಲಿಯೂ ಅಧ್ಯಾಪಕರು ನೋಡುತ್ತಿದ್ದುದು ಮುಗಿದ ಬರಹವನ್ನು ಮಾತ್ರ. ಕೆಂಪು ಶಾಯಿಯಲ್ಲಿ ತಪ್ಪು ಗುರುತಿಸಿ ಅಂಕ ಹಾಕಿದರೆ ಮುಗಿಯಿತು. ಬರೆಯುವಾಗ ಹುಡುಗರ ತಲೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದವರು ವಿರಳ. 1971ರಲ್ಲಿ ಜಾನೆಟ್ ಎಮಿಗ್ ಎಂಬ ವಿದುಷಿ, ಹನ್ನೆರಡನೆಯ ತರಗತಿಯ ಎಂಟು ಮಂದಿ ಬರೆಯುವ ಬಗೆಯನ್ನು ಅಭ್ಯಸಿಸಿ ಪ್ರಕಟಿಸಿದರು. ಶಾಲೆಗಾಗಿ ಬರೆಯುವಾಗ ವಿದ್ಯಾರ್ಥಿಗಳು ತಾವಾಗಿ ತಿದ್ದಿ ಬರೆಯುವುದು ತೀರ ಕಡಿಮೆ ಎಂಬುದು ಕಂಡುಬಂತು.

ಇದಕ್ಕಿಂತಲೂ ನಮಗೆ ಹತ್ತಿರವಾದದ್ದು 1979ರಲ್ಲಿ ಸೋಂಡ್ರಾ ಪರ್ಲ್ ಪ್ರಕಟಿಸಿದ ಅಧ್ಯಯನ. ನ್ಯೂಯಾರ್ಕಿನ ಒಂದು ಸಮುದಾಯ ಕಾಲೇಜಿನ, ಬರವಣಿಗೆಯಲ್ಲಿ ಹಿಂದುಳಿದವರೆನಿಸಿದ ಐದು ಮಂದಿಯನ್ನು ಆಕೆ ಆರಿಸಿಕೊಂಡರು. ಮನಸ್ಸಿಗೆ ಬಂದುದನ್ನು ಗಟ್ಟಿಯಾಗಿ ಹೇಳುತ್ತ ಬರೆಯುವಂತೆ ತಿಳಿಸಿ ಧ್ವನಿಮುದ್ರಿಸಿಕೊಂಡರು. ಅವರಿಗೆ ಬರೆಯುವ ಕ್ರಮವೇ ತಿಳಿಯದು ಎಂಬ ನಂಬಿಕೆ ಸುಳ್ಳಾಯಿತು. ಪ್ರತಿಯೊಬ್ಬರಿಗೂ ತಮ್ಮದೇ ಆದ ಕ್ರಮವಿತ್ತು. ಕೆಡುತ್ತಿದ್ದುದು ಬೇರೆ ಕಡೆ. ಒಂದೆರಡು ಶಬ್ದ ಬರೆಯುವಷ್ಟರಲ್ಲಿ ಅವರು ಕಾಗುಣಿತ, ವ್ಯಾಕರಣಗಳ ತಪ್ಪು ಹುಡುಕತೊಡಗುತ್ತಿದ್ದರು. ಅಷ್ಟರಲ್ಲಿ ಹೇಳಬೇಕಾದ ಮಾತಿನ ಎಳೆ ತಪ್ಪಿಹೋಗುತ್ತಿತ್ತು. ನಮ್ಮ ವಿದ್ಯಾರ್ಥಿನಿ ಹಾಳೆ ಹರಿದದ್ದೂ ಇದೇ ಕಾರಣಕ್ಕೆ. ಬರೆಯುವುದು ಬೇರೆ ಕೆಲಸ, ತಿದ್ದುವುದು ಬೇರೆ ಕೆಲಸ. ಎರಡನ್ನೂ ಒಂದೇ ಉಸಿರಿಗೆ ಮಾಡಹೊರಟರೆ ಎರಡೂ ಕೆಡುತ್ತವೆ.

ನಮ್ಮ ಕಡೆ ಈ ಭಯಕ್ಕೆ ಇನ್ನೊಂದು ಕಾರಣವೂ ಉಂಟು. ಮನೆಯಲ್ಲಿ ಆಡುವ ಕನ್ನಡ ಒಂದು, ಪುಸ್ತಕದ ಕನ್ನಡ ಇನ್ನೊಂದು. "ಬರಾಕತ್ತಾರ" ಎಂದು ಮನಸ್ಸಿಗೆ ಬಂದುದು "ಬರುತ್ತಿದ್ದಾರೆ" ಎಂದಾಗಿಯೇ ಕಾಗದಕ್ಕೆ ಇಳಿಯಬೇಕು. ತಮ್ಮ ಮಾತೇ ಅಶುದ್ಧವೆಂದು ನಂಬಿದ ಹುಡುಗರು ಬಾಯಿ ಕಟ್ಟಿದವರಂತಾಗಿ ಗೈಡಿನ ಮೊರೆ ಹೋಗುತ್ತಾರೆ. ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ' ಇವರಿಗೆ ಧೈರ್ಯ ಹೇಳಬಲ್ಲ ಗ್ರಂಥ. ದೇಸಿ ಮಾತು ಬೇರೆ ಬೇರೆಯಾಗಿರುವುದರಿಂದ ತಪ್ಪು ಇಂತಿಷ್ಟೇ ಎಂದು ಎಣಿಸಲು ಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತು ಎಂಬ ಅಭಿಪ್ರಾಯ ಅದರಲ್ಲಿದೆ. ಕನ್ನಡದ ತಿರುಳೆಂದು ಅದು ಎಣಿಸುವ ಊರುಗಳಲ್ಲಿ ಕಿಸುವೊಳಲ್, ಅಂದರೆ ಪಟ್ಟದಕಲ್ಲು, ಒಂದು. 1997ರವರೆಗೆ ಪಟ್ಟದಕಲ್ಲು ಇದ್ದದ್ದು ಅಂದಿನ ಬಿಜಾಪುರ ಜಿಲ್ಲೆಯಲ್ಲಿಯೇ.

'ಪ್ರಬಂಧ', 'ನಿಬಂಧ' ಎಂಬ ಮಾತುಗಳನ್ನೂ ಒಮ್ಮೆ ನೋಡಬೇಕು. ಎರಡರಲ್ಲಿಯೂ ಇರುವುದು 'ಬಂಧ', ಎಂದರೆ ಕಟ್ಟು. ಯುರೋಪಿನಲ್ಲಿ ಈ ಪ್ರಕಾರಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಮೊಂತೇನ್ 1580ರಲ್ಲಿ ತನ್ನ ಬರಹಗಳನ್ನು 'ಎಸ್ಸೆ' ಎಂದು ಕರೆದ. ಫ್ರೆಂಚಿನಲ್ಲಿ ಅದಕ್ಕೆ ಯತ್ನ, ಪರೀಕ್ಷಿಸಿ ನೋಡುವುದು ಎಂಬ ಅರ್ಥವಿದೆ. ಹೆಸರಿಗೆ ತಕ್ಕಂತೆಯೇ ನಡೆದುಕೊಂಡವನು ಆತ. 1588ರ ಆವೃತ್ತಿ ಅಚ್ಚಾದ ಮೇಲೂ ಅದರ ಅಂಚಿನಲ್ಲಿ ಸೇರಿಸುತ್ತ, ತಿದ್ದುತ್ತ, 1592ರಲ್ಲಿ ಸಾಯುವವರೆಗೂ ಬರೆದ. ಆ ಪ್ರತಿ ಇಂದಿಗೂ ಬೋರ್ದೋ ನಗರದಲ್ಲಿದೆ.

ತಿದ್ದಿ ಬರೆಯುವುದು ಪರದೇಶದ ಪದ್ಧತಿಯೇನೂ ಅಲ್ಲ. ಶಿವಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ 'ಶೂನ್ಯಸಂಪಾದನೆ'ಯನ್ನು ಮೊದಲು ಸಂಕಲಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಒಂದೇ ಕೃತಿಗೆ ನಾಲ್ಕು ರೂಪ. ಇಂಥ ವಚನಸಾಹಿತ್ಯದ ಓಲೆಗರಿಗಳನ್ನು ಮನೆಮನೆ ಅಲೆದು ಸಂಗ್ರಹಿಸಿ, ನಕಲು ಮಾಡಿ, ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರು (1880–1964) ವಕೀಲಿ ವೃತ್ತಿಗಾಗಿ ಇದೇ ಊರಿಗೆ ಬಂದು ನೆಲೆಸಿದವರು. ಮುದ್ರಣಕ್ಕೆಂದು ಹಿತಚಿಂತಕ ಮುದ್ರಣಾಲಯವನ್ನೂ ಇಲ್ಲಿಯೇ ತೆರೆದರು.

ಇನ್ನು ನಮ್ಮ ವಿದ್ಯಾರ್ಥಿನಿಯತ್ತ ಬರೋಣ. ಬಲ್ಲ ಅಧ್ಯಾಪಕರಾದರೆ ಪೆನ್ನು ಕೆಳಗಿಡಿಸಿ ಹೀಗೆ ಕೇಳುತ್ತಾರೆ: "ಚಾಟ್ನಿ ದಿನ ನಿಮ್ಮ ಹೊಲದಾಗ ಏನೇನ್ ನಡೀತದ, ಹೇಳವ್ವಾ." ಆಗ ಮಾತು ಬರುತ್ತದೆ. ಅಕ್ಟೋಬರಿನಲ್ಲಿ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವುದು, ಕಣ್ಣು ಒಂದೇ ಸಮನೆ ಒಡೆಯಲೆಂದು ಪೇಸ್ಟ್ ಹಚ್ಚುವುದು, ಹೂವಿನ ಹೊತ್ತಿನಲ್ಲಿ ಮೋಡ ಕವಿದರೆ ದಾವಣಿ ರೋಗದ ಚಿಂತೆಯಿಂದ ಅಪ್ಪ ರಾತ್ರಿಯೆಲ್ಲ ಎಚ್ಚರವಿರುವುದು. ಇದನ್ನು ಆಡಿದಂತೆಯೇ, ತಪ್ಪಿನ ಗೊಡವೆಯಿಲ್ಲದೆ ಕಚ್ಚಾ ವಹಿಯಲ್ಲಿ ಬರೆದುಕೊಳ್ಳಬೇಕು. ಮರುದಿನ ಗಟ್ಟಿಯಾಗಿ ಓದಿ, ಮುಖ್ಯವಾದುದು ಯಾವುದು ಎಂದು ಗುರುತು ಹಾಕಬೇಕು. ಆಮೇಲೆ ಕ್ರಮ, ಕೊನೆಯಲ್ಲಿ ಕಾಗುಣಿತ. ಈ ಹಂತಗಳೂ ಗೆರೆ ಎಳೆದಂತಿರುವುದಿಲ್ಲ. ಯೋಜಿಸುವುದು, ಬರೆಯುವುದು, ಮರಳಿ ನೋಡುವುದು ಒಂದರೊಳಗೊಂದು ಮತ್ತೆ ಮತ್ತೆ ಬರುತ್ತವೆ ಎಂದು 1981ರಲ್ಲಿ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ತೋರಿಸಿದ್ದಾರೆ.

ದ್ರಾಕ್ಷಿ ಬೆಳೆಯುವ ಮನೆಯ ಮಗಳಿಗೆ ಇದು ಹೊಸ ಮಾತಾಗಲಾರದು. ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಹೊತ್ತಿನ ಮೊದಲನೆಯದರಿಂದ ಕೈಗೆ ಹಣ್ಣು ಸಿಗುವುದಿಲ್ಲ, ಕಡ್ಡಿ ಬಲಿಯುತ್ತದೆ ಅಷ್ಟೆ. ಹಣ್ಣು ಬರುವುದು ಎರಡನೆಯದಕ್ಕೆ. ಹಾಗೆಂದು ಮೊದಲನೆಯದನ್ನು ಯಾರೂ ದಂಡವೆನ್ನುವುದಿಲ್ಲ.

ಇದರಲ್ಲಿ ಎರಡು ಪುಟದ ಆಂತರಿಕ ಅಂಕಗಳಷ್ಟೇ ಇಲ್ಲ. ಮುಂದೆ ಬ್ಯಾಂಕಿಗೊಂದು ಅರ್ಜಿ, ಪಂಚಾಯತಿಗೊಂದು ತಕರಾರು, ನೌಕರಿಯ ಪರೀಕ್ಷೆಯಲ್ಲೊಂದು ಉತ್ತರ ಬರೆಯುವಾಗ ತನ್ನ ಮಾತನ್ನು ತಾನೇ ಬರೆಯಬಲ್ಲೆನೆಂಬ ನಂಬಿಕೆ ಈ ವರ್ಷದಲ್ಲಿ ಹುಟ್ಟುತ್ತದೆ, ಇಲ್ಲವೇ ಸಾಯುತ್ತದೆ. ಅಧ್ಯಾಪಕರು ಮುಗಿದ ಪ್ರತಿಯ ಜೊತೆಗೆ ಆ ಕಚ್ಚಾ ವಹಿಯನ್ನೂ ಕೇಳಿ ನೋಡುವಂತಾದರೆ, ಎಷ್ಟೋ ಮಂದಿ ಗೈಡು ಮುಚ್ಚಿಟ್ಟು ತಮ್ಮ ಊರನ್ನು ತಾವೇ ಬರೆದಾರು.